ರನ್ ಮಾಡಿ ನೋಡಿ, ಆಮೇಲೆ ನಂಬಿ

ದೊಡ್ಡಬಳ್ಳಾಪುರದಲ್ಲಿ ಬಿಸಿಎ ಓದುವವರಿರಲಿ, ಹೊಸಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ ಕೂತವರಿರಲಿ, ದೇವನಹಳ್ಳಿ ಕಡೆಯ ಕಂಪನಿಯಲ್ಲಿ ಶಿಫ್ಟ್ ಮುಗಿಸಿ ಬಂದು ರಾತ್ರಿ ಮೊಬೈಲ್ ತೆರೆಯುವವರಿರಲಿ, ನನ್ನನ್ನು ಕಂಡಾಗ ಕೇಳುವುದು ಒಂದೇ ಮಾತು: ‘ಅಂಕಲ್, ಕೋಡಿಂಗ್ ಕಲೀಬೇಕು. ಯಾರ ವಿಡಿಯೊ ನೋಡ್ಲಿ?’

ಒಂದು ಹೆಸರು ಹೇಳಿ ಕಳುಹಿಸಿಬಿಡಬಹುದು. ಆದರೆ ಎರಡು ವರ್ಷಕ್ಕೆ ಆ ಪಾಠ ಹಳತಾಗುತ್ತದೆ, ನೀವು ಮತ್ತೆ ಯಾರ ಬಾಗಿಲಿಗೋ ಹೋಗಬೇಕಾಗುತ್ತದೆ. ಕೋಡ್ ಬರೆದೇ ತಲೆ ನರೆಸಿಕೊಂಡವನು ನಾನು. ಹೆಸರುಗಳನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ಯಾರನ್ನು ನಂಬಬೇಕು ಎಂದು ನೀವೇ ತೀರ್ಮಾನಿಸುವ ಬಗೆ ಹೇಳುತ್ತೇನೆ, ಕಿವಿಗೊಡಿ.

ನಾವು ಕಲಿಯುವ ಕಾಲಕ್ಕೆ ಪುಸ್ತಕ ಸಿಗುವುದೇ ಕಷ್ಟ. ಒಂದು ಪುಸ್ತಕದ ಜೆರಾಕ್ಸ್ ಹತ್ತು ಕೈ ದಾಟುತ್ತಿತ್ತು. ಈಗ ಕಷ್ಟ ತಿರುಗಿ ನಿಂತಿದೆ. ‘ಪೈಥಾನ್’ ಎಂದು ಹುಡುಕಿದರೆ ಒಂದು ಜನ್ಮಕ್ಕೆ ಸಾಲುವಷ್ಟು ವಿಡಿಯೊ ಬರುತ್ತವೆ. ಎಲ್ಲರದ್ದೂ ಗಟ್ಟಿ ದನಿ. ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಎಂದು ಹೇಳಬೇಕಾದರೆ ಮೊದಲು ನಿಮಗೆ ವಿಷಯ ಗೊತ್ತಿರಬೇಕು. ಗೊತ್ತಿದ್ದಿದ್ದರೆ ಅವರ ಹತ್ತಿರ ಯಾಕೆ ಹೋಗುತ್ತಿದ್ದಿರಿ? ಹೊಸಬರ ಸಂಕಟದ ಗಂಟು ಇರುವುದು ಇಲ್ಲೇ.

ಸೀರೆಯ ಹೊಳಪು ನೋಡಿ ಇದು ರೇಷ್ಮೆಯೋ ಅಲ್ಲವೋ ಎಂದು ಹೇಳುವುದು ಮಗ್ಗದ ಮನೆಯಲ್ಲಿ ಹುಟ್ಟದವರಿಗೆ ಕಷ್ಟ. ಆದರೆ ಒಂದೆಳೆ ಎಳೆದು ಸುಟ್ಟು ನೋಡುವುದು ಯಾರಿಗೂ ಬರುತ್ತದೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಆ ಒಂದೆಳೆಯನ್ನು ಕೈಗೆ ಕೊಡುವ ಅಂಗಡಿಯವನನ್ನು ನಂಬಲು ಕಾರಣವಿದೆ. ‘ನನ್ನ ಮಾತೇ ಗ್ಯಾರಂಟಿ’ ಎಂದು ಸೀರೆ ಮಡಚಿಡುವವನ ಅಂಗಡಿಯಿಂದ ಎದ್ದು ಬನ್ನಿ. ಪಾಠ ಹೇಳುವವರ ವಿಷಯದಲ್ಲೂ ಇಷ್ಟೇ. ಅವರ ವಿದ್ಯೆ ಎಷ್ಟೆಂದು ಅಳೆಯಲು ನಿಮಗೆ ಇನ್ನೂ ಬಾರದು. ಅವರ ನಡತೆಯನ್ನು ಅಳೆಯಲು ಇವತ್ತೇ ಬರುತ್ತದೆ.

ತಾರೀಖು, ಆವೃತ್ತಿ ಕೇಳಿ

ಮೊದಲು ನೋಡಬೇಕಾದದ್ದು ತಾರೀಖು. ಈ ಪಾಠ ಯಾವ ವರ್ಷದ್ದು? ಯಾವ ಆವೃತ್ತಿಗೆ ಬರೆದದ್ದು?

ಪೈಥಾನ್ 3 ಹೊರಬಂದದ್ದು 2008ರ ಡಿಸೆಂಬರ್‌ನಲ್ಲಿ. ಹಳೆಯ ಪೈಥಾನ್ 2ಕ್ಕೆ 2020ರ ಜನವರಿ 1ರಿಂದ ಅದನ್ನು ಕಟ್ಟಿದವರ ಬೆಂಬಲವೇ ನಿಂತುಹೋಯಿತು. ಆದರೆ ಹಳೆಯ ವಿಡಿಯೊಗಳು ಇನ್ನೂ ಹಾಗೇ ಇವೆ. ಅವುಗಳಲ್ಲಿ ಪ್ರಿಂಟ್ ಎಂದು ಬರೆದು, ಆವರಣ ಹಾಕದೆ ಮುಂದಕ್ಕೆ ಹೋಗುತ್ತಾರೆ. ನೀವು ಅದನ್ನೇ ಬರೆದರೆ ನಿಮ್ಮ ಯಂತ್ರ ಸಿಂಟ್ಯಾಕ್ಸ್ ಎರರ್ ಎನ್ನುತ್ತದೆ. ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಆಗ ಅಂದುಕೊಳ್ಳುವುದು ಏನು? ‘ಇದು ನನ್ನಂಥವಳಿಗಲ್ಲ.’ ತಪ್ಪು ಅವಳದ್ದಲ್ಲ, ವಿಡಿಯೊದ ವಯಸ್ಸಿನದ್ದು. ತಾರೀಖು ನೋಡುವ ಅಭ್ಯಾಸ ಇದ್ದಿದ್ದರೆ ಆ ಸಂಜೆ ಅವಳು ಕಂಪ್ಯೂಟರ್ ಮುಚ್ಚುತ್ತಿರಲಿಲ್ಲ.

ಹಳತಾದ ಪಾಠ ಬರೀ ಕೆಲಸ ಮಾಡದಿದ್ದರೆ ಪರವಾಗಿಲ್ಲ. ಕೆಲಸ ಮಾಡುತ್ತಲೇ ಕೆಡುಕು ತಂದರೆ ಕಷ್ಟ. ಪಿಎಚ್‌ಪಿಯಲ್ಲಿ ಲಾಗಿನ್ ಪುಟ ಮಾಡುವುದನ್ನು ಕಲಿಸುವ ಹಳೆಯ ಪಾಠಗಳು ಬಳಕೆದಾರ ಟೈಪ್ ಮಾಡಿದ್ದನ್ನು ಹಾಗೇ ತೆಗೆದು ಡೇಟಾಬೇಸಿಗೆ ಕಳುಹಿಸುವ ಎಸ್‌ಕ್ಯೂಎಲ್ ಪ್ರಶ್ನೆಯೊಳಗೆ ಸೇರಿಸಿಬಿಡುತ್ತವೆ. ಹೆಸರಿನ ಜಾಗದಲ್ಲಿ ಯಾರಾದರೂ ಒಂದು ಉದ್ಧರಣ ಚಿಹ್ನೆ ಹಾಕಿ, ಯಾವಾಗಲೂ ನಿಜವಾಗುವ ಒಂದು ಷರತ್ತು ಬರೆದರೆ ಸಾಕು, ಪಾಸ್‌ವರ್ಡ್ ಇಲ್ಲದೆ ಒಳಗೆ ಬರುತ್ತಾರೆ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ. ಆ ಪಾಠಗಳು ಬಳಸುವ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು 2015ರ ಕೊನೆಗೆ ಬಂದ ಪಿಎಚ್‌ಪಿ 7ರಿಂದ ತೆಗೆದೇ ಹಾಕಿದರು. ಆದರೂ ಪಾಠಗಳು ಓಡಾಡುತ್ತಲೇ ಇವೆ. ಅದನ್ನು ನೋಡಿ ಪ್ರಾಜೆಕ್ಟ್ ಮಾಡಿದ ಹುಡುಗ ನಾಳೆ ನೆಲಮಂಗಲದ ಯಾವುದೋ ಸಹಕಾರ ಸಂಘಕ್ಕೆ ಅದೇ ಪುಟವನ್ನು ಮಾಡಿಕೊಟ್ಟರೆ, ಕಳೆಯುವುದು ಸದಸ್ಯರ ದುಡ್ಡು.

ಕಾಲೇಜಿನ ಲ್ಯಾಬಿಗೂ ಇದೇ ಮಾತು. ನೀಲಿ ಪರದೆಯ ಟರ್ಬೊ ಸಿ 1980ರ ದಶಕದಲ್ಲಿ ಬೋರ್ಲ್ಯಾಂಡ್ ಕಂಪನಿ ಡಾಸ್‌ಗಾಗಿ ಮಾಡಿದ ಸಾಧನ. ನಿಮ್ಮ ಅಪ್ಪ ಅಮ್ಮ ಶಾಲೆಗೆ ಹೋಗುತ್ತಿದ್ದ ಕಾಲದ್ದು. ವಾಯ್ಡ್ ಮೇನ್, ಕೊನಿಯೊ ಹೆಡರ್, ಸಿಎಲ್‌ಆರ್‌ ಸ್ಕ್ರೀನ್ ಎಲ್ಲ ಅದರ ಜೊತೆ ಬಂದ ಪದ್ಧತಿಗಳು. ಇವತ್ತಿನ ಸಿ ಭಾಷೆಯ ಮಾನದಂಡ ಇವನ್ನು ಕೇಳುವುದಿಲ್ಲ. ಹಾಗೆಂದು ಲೆಕ್ಚರರ್ ಜೊತೆ ಜಗಳಕ್ಕೆ ನಿಲ್ಲಬೇಡಿ. ಪರೀಕ್ಷೆಯಲ್ಲಿ ಅವರು ಕೇಳಿದಂತೆ ಬರೆಯಿರಿ, ಅಂಕ ತೆಗೆದುಕೊಳ್ಳಿ. ಮನೆಯಲ್ಲಿ ಜಿಸಿಸಿ ಎಂಬ ಕಂಪೈಲರ್ ಹಾಕಿಕೊಂಡು ಈಗಿನ ರೀತಿಯಲ್ಲಿ ಬರೆಯಿರಿ.

‘ಯಾಕೆ’ ಎಂದು ಕೇಳಿದರೆ ಏನು ಹೇಳುತ್ತಾರೆ?

ಎರಡನೆಯ ಗುರುತು: ಉತ್ತರದ ಜೊತೆ ಕಾರಣ ಕೊಡುತ್ತಾರೋ ಇಲ್ಲವೋ.

ನಮ್ಮ ಕಡೆ ಸಂದರ್ಶನದ ತಯಾರಿ ಎಂದು ಹಂಚುವ ಪ್ರಶ್ನೆಪತ್ರಿಕೆಗಳಲ್ಲಿ ತಪ್ಪದೆ ಒಂದು ಪ್ರಶ್ನೆ ಇರುತ್ತದೆ. ಐ ಬೆಲೆ 5. ಹಾಗಾದರೆ ++ಐ + ++ಐ ಎಷ್ಟು? ಒಬ್ಬರು 13 ಎನ್ನುತ್ತಾರೆ, ಇನ್ನೊಬ್ಬರು 14. ಇಬ್ಬರೂ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತಾರೆ. ಯಾರು ಸರಿ?

ಭಾಷೆ ಯಾವುದು ಎಂದು ಕೇಳದೆ ಉತ್ತರ ಹೇಳಿದವರು ಇಬ್ಬರೂ ತಪ್ಪು. ಜಾವಾದಲ್ಲಿ ಎಡದಿಂದ ಬಲಕ್ಕೆ ಲೆಕ್ಕ ಹಾಕಬೇಕು ಎಂಬ ನಿಯಮ ಇದೆ, ಹಾಗಾಗಿ 6 ಮತ್ತು 7 ಸೇರಿ 13. ಪೈಥಾನ್‌ನಲ್ಲಿ ++ ಎಂಬ ಕ್ರಿಯೆಯೇ ಇಲ್ಲ. ಅದು ಎರಡು ಸಲ ಹಾಕಿದ ಧನಚಿಹ್ನೆ ಅಷ್ಟೇ, ಆದ್ದರಿಂದ 10. ಇನ್ನು ಸಿ ಭಾಷೆಯಲ್ಲಿ? ಅದರ ಮಾನದಂಡ ಇಂಥ ಸಾಲಿಗೆ ಅರ್ಥವನ್ನೇ ಕೊಟ್ಟಿಲ್ಲ. ಒಂದು ಕಂಪೈಲರ್ 13 ಕೊಟ್ಟರೂ ಸರಿ, ಇನ್ನೊಂದು 14 ಕೊಟ್ಟರೂ ಸರಿ. ಕೋಡ್ ಬರೆದು ಹೊಟ್ಟೆ ಹೊರೆಯುವವರು ಅಂಥ ಸಾಲು ಬರೆಯುವುದಿಲ್ಲ, ಬರೆದವರ ಕೈಯಲ್ಲಿ ತಿದ್ದಿಸುತ್ತಾರೆ.

ಇಂಥ ಜಾಗದಲ್ಲಿ ಮೇಷ್ಟ್ರ ಗುಣ ಗೊತ್ತಾಗುತ್ತದೆ. ‘14 ಬರುತ್ತೆ, ನೆನಪಿಟ್ಟುಕೋ’ ಎಂದವರು ನಿಮಗೆ ಒಂದು ಅಂಕ ಕೊಟ್ಟರು. ‘ಇದಕ್ಕೆ ಉತ್ತರ ಇಲ್ಲ, ಯಾಕೆ ಇಲ್ಲ ಎಂದು ಮಾನದಂಡದಲ್ಲಿ ಇದೆ, ಇಲ್ಲಿ ನೋಡು’ ಎಂದವರು ನಿಮ್ಮನ್ನು ಮೂಲದ ತನಕ ಕರೆದುಕೊಂಡು ಹೋದರು. ಮೂಲಕ್ಕೆ ದಾರಿ ತೋರಿಸುವವರು ಸಿಕ್ಕರೆ ಬಿಡಬೇಡಿ.

ತಪ್ಪಿದಾಗ ಏನು ಮಾಡುತ್ತಾರೆ?

ತಪ್ಪದ ತಜ್ಞರನ್ನು ಹುಡುಕಬೇಡಿ, ಅಂಥವರಿಲ್ಲ. ತಪ್ಪು ತಿಳಿದ ಮೇಲೆ ಏನು ಮಾಡಿದರು ಎಂದು ನೋಡಿ.

ಜೋಶುವಾ ಬ್ಲಾಕ್ ಎಂಬವರು ಜಾವಾ ಭಾಷೆಯ ಲೈಬ್ರರಿಯ (ಸಿದ್ಧ ಕೋಡ್ ಸಂಗ್ರಹದ) ಮುಖ್ಯ ಭಾಗಗಳನ್ನು ಬರೆದವರು. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ನಡುವೆ ಸೀಳುತ್ತಾ ಹುಡುಕುವ ಬೈನರಿ ಸರ್ಚ್ ಅನ್ನು ಅವರು ಅದರಲ್ಲಿ ಸೇರಿಸಿದ್ದರು. ತಮ್ಮ ಗುರು ಜಾನ್ ಬೆಂಟ್ಲಿಯವರು ‘ಪ್ರೋಗ್ರಾಮಿಂಗ್ ಪರ್ಲ್ಸ್’ ಪುಸ್ತಕದಲ್ಲಿ ಸರಿ ಎಂದು ಸಾಧಿಸಿ ತೋರಿಸಿದ್ದ ವಿಧಾನವದು. ಸುಮಾರು ಒಂಬತ್ತು ವರ್ಷ ಜಗತ್ತಿನ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಓಡಿತು. ಆಮೇಲೆ ಒಂದು ದೋಷ ಹೊರಬಿತ್ತು: ನೂರು ಕೋಟಿಗೂ ಮೀರಿದ ಪಟ್ಟಿ ಕೊಟ್ಟರೆ, ನಡುಭಾಗ ಕಂಡುಹಿಡಿಯಲು ಎರಡು ತುದಿಗಳನ್ನು ಕೂಡಿದಾಗ ಮೊತ್ತ ಜಾವಾದ ಪೂರ್ಣಾಂಕದ ಮಿತಿ ದಾಟಿ ಋಣಸಂಖ್ಯೆಯಾಗುತ್ತಿತ್ತು. 2006ರಲ್ಲಿ ಬ್ಲಾಕ್ ಇದನ್ನು ತಾವೇ ಊರಿಗೆಲ್ಲ ಸಾರಿ ಬರೆದರು: ಬರೆದದ್ದು ನಾನೇ, ದೋಷ ಇದು, ತಿದ್ದುವುದು ಹೀಗೆ, ನಿಮ್ಮ ಕೋಡ್‌ನಲ್ಲೂ ಇರಬಹುದು, ನೋಡಿಕೊಳ್ಳಿ.

ಕಂಪ್ಯೂಟರ್ ವಿಜ್ಞಾನದಲ್ಲಿ ಡೊನಾಲ್ಡ್ ಕ್ನೂತ್ ಅವರದ್ದು ಇನ್ನೂ ದೊಡ್ಡ ಹೆಸರು. ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿ ಕೊಟ್ಟವರಿಗೆ ಅವರು 2.56 ಡಾಲರ್ ಬಹುಮಾನ ಇಟ್ಟಿದ್ದಾರೆ. 256 ಸೆಂಟ್ ಎಂದರೆ ಹದಿನಾರರ ಲೆಕ್ಕದಲ್ಲಿ ಸರಿಯಾಗಿ ಒಂದು ಡಾಲರ್ ಎಂಬುದು ಅವರ ತಮಾಷೆ. ಆ ಚೆಕ್ ಸಿಕ್ಕವರಲ್ಲಿ ಬಹಳ ಜನ ಬ್ಯಾಂಕಿಗೆ ಹಾಕದೆ ಗೋಡೆಗೆ ತೂಗುಹಾಕಿಕೊಂಡರು.

ಈಗ ನಿಮ್ಮ ಮೊಬೈಲಿನಲ್ಲಿ ಪಾಠ ಹೇಳುವವರ ಕಡೆ ತಿರುಗಿ. ವಿಡಿಯೊದ ಕೆಳಗೆ ಯಾರೋ ‘ಸರ್, ಇಲ್ಲಿ ತಪ್ಪಿದೆ’ ಎಂದು ಬರೆದಿದ್ದಾರೆ. ಅದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮೇಲಿಟ್ಟು ತಿದ್ದಿದ್ದಾರೆಯೇ? ಅಥವಾ ಅಳಿಸಿಹಾಕಿ, ಕೇಳಿದವರನ್ನೇ ಗೇಲಿ ಮಾಡಿದ್ದಾರೆಯೇ? ಎರಡು ನಿಮಿಷದಲ್ಲಿ ಗೊತ್ತಾಗುವ ವಿಷಯ. ಅದಕ್ಕೆ ನಿಮಗೆ ಪೈಥಾನ್ ಬರಬೇಕಾಗಿಲ್ಲ.

ನಿಮ್ಮೂರಿನ ಹೆಸರು ಕೊಟ್ಟು ಪರೀಕ್ಷಿಸಿ

ಕಂಪ್ಯೂಟರ್ ವಿದ್ಯೆಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಯಾರು ಏನೇ ಹೇಳಲಿ, ಐದು ನಿಮಿಷದಲ್ಲಿ ರನ್ ಮಾಡಿ ನೋಡಬಹುದು. ಆದರೆ ಅವರು ತೋರಿಸಿದ ಉದಾಹರಣೆಯನ್ನೇ ರನ್ ಮಾಡಿದರೆ ಅವರಿಗೆ ಬಂದ ಉತ್ತರವೇ ನಿಮಗೂ ಬರುತ್ತದೆ. ನಿಮ್ಮದೇ ಒಂದು ಉದಾಹರಣೆ ಕೊಡಬೇಕು.

ಒಂದು ಪದವನ್ನು ಹಿಂದುಮುಂದು ಮಾಡುವುದು ಪೈಥಾನ್ ಪಾಠಗಳಲ್ಲೆಲ್ಲ ಬರುವ ಲೆಕ್ಕ. ಲೆನ್ ಎಂಬ ಫಂಕ್ಷನ್ ಅಕ್ಷರಗಳ ಎಣಿಕೆ ಕೊಡುತ್ತದೆ ಎನ್ನುತ್ತಾರೆ. ಚೌಕ ಆವರಣದಲ್ಲಿ ಎರಡು ಕೋಲನ್ ಹಾಕಿ ಮೈನಸ್ ಒಂದು ಬರೆದರೆ ಪದ ತಿರುಗುತ್ತದೆ ಎನ್ನುತ್ತಾರೆ. ಇಂಗ್ಲಿಷ್ ಪದ ಕೊಟ್ಟರೆ ಎರಡೂ ಸರಿ. ನೀವು ‘ಕನ್ನಡ’ ಎಂದು ಕೊಡಿ. ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರ್ 5 ಎನ್ನುತ್ತದೆ. ಯೂನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಒಂದೇ ಸಂಕೇತವಿಲ್ಲ. ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ ಎಂದು ಐದು ಸಂಕೇತಗಳನ್ನು ಸಾಲಾಗಿ ಇಡುತ್ತದೆ. ಸರಿ, ಈಗ ತಿರುಗಿಸಿ. ‘ಡನ್ನಕ’ ಬರುತ್ತದೆ. ತಪ್ಪೇನೂ ಕಾಣುವುದಿಲ್ಲ. ಬಹಳ ಜನ ಇಲ್ಲಿಗೆ ನಿಲ್ಲಿಸಿ, ಕೆಲಸ ಮಾಡುತ್ತೆ ಎಂದುಕೊಳ್ಳುತ್ತಾರೆ.

ನಿಲ್ಲಬೇಡಿ. ‘ಹೊಸಕೋಟೆ’ ಎಂದು ಕೊಡಿ. ನಮಗೆ ನಾಲ್ಕಕ್ಷರ, ಅದಕ್ಕೆ 7. ತಿರುಗಿಸಿದರೆ ‘ಟೆಕೋಸಹೊ’ ಬರಬೇಕು. ಬರುವುದೇ ಬೇರೆ: ಮೊದಲಿಗೆ ಯಾವ ಅಕ್ಷರಕ್ಕೂ ಅಂಟದೆ ಅನಾಥವಾಗಿ ನಿಂತ ಎತ್ವದ ಚಿಹ್ನೆ, ಆಮೇಲೆ ‘ಟೋಕಸೊಹ’. ಸ್ವರಚಿಹ್ನೆಗಳ ಸಂಕೇತ ವ್ಯಂಜನದ ನಂತರ ಬರುತ್ತದೆ. ಸಾಲು ತಿರುಗಿದಾಗ ಅವು ತಮ್ಮ ಅಕ್ಷರವನ್ನು ಬಿಟ್ಟು ಪಕ್ಕದ್ದಕ್ಕೆ ಅಂಟಿಕೊಳ್ಳುತ್ತವೆ. ‘ಕನ್ನಡ’ದಲ್ಲಿ ಒತ್ತಿನ ಎರಡೂ ಬದಿಗೆ ನಕಾರವೇ ಇದ್ದುದರಿಂದ ತಪ್ಪು ಮರೆಯಾಗಿತ್ತು. ‘ನೆಲಮಂಗಲ’, ‘ದೇವನಹಳ್ಳಿ’, ‘ದೊಡ್ಡಬಳ್ಳಾಪುರ’ ಒಂದೊಂದನ್ನೂ ಕೊಟ್ಟು ನೋಡಿ, ಏನೇನಾಗುತ್ತದೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಒಂದು ಸಂಜೆಯ ಒಳ್ಳೆಯ ಪಾಠ.

ಇದರಲ್ಲಿ ಇನ್ನೊಂದು ಮಾತಿದೆ. ಆ ಪಾಠ ಬರೆದ ವಿದೇಶದ ತಜ್ಞರಿಗೆ ಈ ತೊಂದರೆ ಕಾಣಿಸಿರಲಿಕ್ಕಿಲ್ಲ, ಅವರು ಒತ್ತು, ಗುಣಿತ ಇರುವ ಲಿಪಿಯಲ್ಲಿ ಬರೆಯುವವರಲ್ಲ. ಕಾಣಿಸಿದ್ದು ನಿಮಗೆ. ಹೊಸಬರಾಗಿದ್ದರೂ ಬಲ್ಲವರ ಕಣ್ಣಿಗೆ ಬೀಳದ್ದು ನಿಮ್ಮ ಕಣ್ಣಿಗೆ ಬೀಳಬಹುದು. ‘ನಾವು ಹಳ್ಳಿಯವರು, ಇಂಗ್ಲಿಷ್ ಬರಲ್ಲ’ ಎಂದು ಕುಗ್ಗುವ ಮೊದಲು ಇದನ್ನು ನೆನೆಸಿಕೊಳ್ಳಿ. ಮಗ್ಗದ ಮನೆಯ ಮಕ್ಕಳಂತೂ ಕುಗ್ಗಲೇಬಾರದು. ಸೀರೆಯ ಅಂಚಿನ ಹೂ ಎತ್ತಲು ರಟ್ಟಿನಲ್ಲಿ ತೂತು ಕೊರೆದು ಜಕಾರ್ಡ್‌ಗೆ ಏರಿಸುವುದನ್ನು ನೀವು ನೋಡಿ ಬೆಳೆದಿದ್ದೀರಿ. 1804ರ ಸುಮಾರಿಗೆ ಫ್ರಾನ್ಸ್‌ನಲ್ಲಿ ಬಂದ ಆ ತೂತಿನ ಕಾರ್ಡುಗಳನ್ನೇ ಚಾರ್ಲ್ಸ್ ಬ್ಯಾಬೇಜ್ ತಮ್ಮ ಲೆಕ್ಕದ ಯಂತ್ರಕ್ಕೆ ಆದೇಶ ಕೊಡುವ ಸಾಧನವಾಗಿ ಆರಿಸಿಕೊಂಡರು.

ಎಐ ಹೇಳಿದ್ದು

‘ಅಂಕಲ್, ಈಗ ಚಾಟ್‌ಜಿಪಿಟಿ ಇದೆಯಲ್ಲ, ವಿಡಿಯೊ ಯಾಕೆ’ ಎನ್ನುವವರೂ ಇದ್ದಾರೆ. ಇದೆ, ಬಳಸಿ. ಕನ್ನಡದಲ್ಲೇ ಕೇಳಿದರೂ ಹೇಳುತ್ತದೆ, ಎಷ್ಟು ಸಲ ಕೇಳಿದರೂ ಬೇಸರಪಡುವುದಿಲ್ಲ. ನಾಚಿಕೆಯ ಮಕ್ಕಳಿಗೆ ಅದು ದೊಡ್ಡ ಉಪಕಾರ.

ಆದರೆ ಮೇಲೆ ಹೇಳಿದ ಗುರುತುಗಳನ್ನು ಅದಕ್ಕೂ ಹಚ್ಚಿ ನೋಡಿ. ಸರಿ ಹೇಳುವಾಗಲೂ ತಪ್ಪು ಹೇಳುವಾಗಲೂ ಅದರ ದನಿ ಒಂದೇ. ‘ನೀನು ಹೇಳಿದ್ದು ತಪ್ಪು’ ಎಂದು ಸುಮ್ಮನೆ ಅಂದರೂ ಎಷ್ಟೋ ಸಲ ಕ್ಷಮೆ ಕೇಳಿ ತಿದ್ದಿಕೊಳ್ಳುತ್ತದೆ, ಮೊದಲು ಹೇಳಿದ್ದೇ ಸರಿಯಾಗಿದ್ದರೂ. ಅದು ತಪ್ಪೊಪ್ಪಿಗೆಯಲ್ಲ, ಮುಲಾಜು. ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಹೊರಬಂತು. ಒಂದು ವಾರದೊಳಗೆ ಕೋಡಿಂಗ್ ಪ್ರಶ್ನೋತ್ತರದ ತಾಣವಾದ ಸ್ಟ್ಯಾಕ್ ಓವರ್‌ಫ್ಲೋ ಅದರ ಉತ್ತರಗಳನ್ನು ತಂದು ಹಾಕುವುದನ್ನು ನಿಷೇಧಿಸಿತು. ಕಾರಣ, ಉತ್ತರಗಳು ನೋಡಲು ಚೆನ್ನಾಗಿದ್ದವು, ಬಹಳಷ್ಟು ತಪ್ಪಿದ್ದವು, ತಪ್ಪು ಎಂದು ಕಂಡುಹಿಡಿಯಲು ಬಲ್ಲವರೇ ಬೇಕಿತ್ತು. ಆಮೇಲೆ ಈ ಸಾಧನಗಳು ಎಷ್ಟೋ ಸುಧಾರಿಸಿವೆ. ಪರೀಕ್ಷಿಸುವ ಕೆಲಸ ಮಾತ್ರ ನಿಮ್ಮ ಹೆಗಲಿನಿಂದ ಇಳಿದಿಲ್ಲ.

ಒಂದು ಅಪಾಯವನ್ನು ಬಿಡಿಸಿ ಹೇಳಬೇಕು. ಇಲ್ಲದ ಲೈಬ್ರರಿಯ ಹೆಸರನ್ನು ಎಐ ಇದೆ ಎಂಬಂತೆ ಹೇಳಿಬಿಡುವುದುಂಟು. ಮೋಸಗಾರರು ಅಂಥ ಹೆಸರನ್ನೇ ಕಾದು, ಆ ಹೆಸರಿನಲ್ಲಿ ವಿಷದ ಕೋಡ್ ಇಡಬಹುದು. ಆದ್ದರಿಂದ ಯಾವ ಪ್ಯಾಕೇಜನ್ನೂ ಇನ್‌ಸ್ಟಾಲ್ ಮಾಡುವ ಮುಂಚೆ ಅದರ ಅಧಿಕೃತ ಪುಟ ತೆರೆಯಿರಿ. ಎಷ್ಟು ವರ್ಷದಿಂದ ಇದೆ, ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಓದಿ. ಇನ್ನೊಂದು ನೇಮ ಇಟ್ಟುಕೊಳ್ಳಿ: ಸಾಲು ಸಾಲಾಗಿ ವಿವರಿಸಲು ಬಾರದ ಕೋಡನ್ನು ನನ್ನದು ಎಂದು ಎಲ್ಲೂ ಕೊಡುವುದಿಲ್ಲ. ಇದನ್ನು ಪಾಲಿಸಿದವರು ಸಂದರ್ಶನದಲ್ಲಿ ಬೆವರುವುದಿಲ್ಲ.

ದುಡ್ಡು ಕೇಳುವವರು

ಬೆಂಗಳೂರು ಹತ್ತಿರವಿರುವುದರಿಂದ ನಮ್ಮ ತಾಲ್ಲೂಕುಗಳ ಗೋಡೆಗಳ ಮೇಲೂ ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂಬ ಪೋಸ್ಟರ್ ಬರುತ್ತವೆ. ದುಡ್ಡು ತೆಗೆದುಕೊಂಡು ಚೆನ್ನಾಗಿ ಕಲಿಸುವವರು ಇದ್ದಾರೆ, ಅವರ ಮೇಲೆ ನನಗೆ ತಕರಾರಿಲ್ಲ. ಆದರೆ ಕಟ್ಟುವ ಮುಂಚೆ ಮೂರು ವಿಷಯ ಕೇಳಿ. ಒಂದು, ಒಂದು ವಾರ ತರಗತಿಯಲ್ಲಿ ಕೂತು ನೋಡಬಹುದೇ? ಎರಡು, ನಡುವೆ ಬಿಟ್ಟರೆ ದುಡ್ಡು ವಾಪಸ್ ಎಂಬುದನ್ನು ಕಾಗದದಲ್ಲಿ ಬರೆದುಕೊಡುತ್ತೀರಾ? ಮೂರು, ಕಂತು ಎನ್ನುತ್ತೀರಲ್ಲ, ಅದು ನಿಮಗೆ ಕಟ್ಟುವ ಕಂತೋ, ಯಾವುದೋ ಸಾಲದ ಕಂಪನಿಯಲ್ಲಿ ನನ್ನ ಹೆಸರಿನಲ್ಲಿ ಎತ್ತುವ ಸಾಲವೋ? ಮೂರನೆಯದು ಬಹಳ ಮುಖ್ಯ. ಕ್ಲಾಸು ನಿಂತರೂ ಇಎಂಐ ನಿಲ್ಲುವುದಿಲ್ಲ. ಸಹಿ ಹಾಕಿದ ಅಪ್ಪನ ಮನೆಗೆ ವಸೂಲಿಯವರು ಬರುತ್ತಾರೆ.

ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ಕೇಳಿದರೆ ಅದು ಕೆಲಸವಲ್ಲ. ಇಲ್ಲದ ಅನುಭವದ ಪತ್ರ ಮಾಡಿಸಿಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ಕಂಪನಿಗಳು ಹಿಂದಿನ ದಾಖಲೆ ಪರಿಶೀಲಿಸುತ್ತವೆ. ಸಿಕ್ಕಿಬಿದ್ದರೆ ಹೋಗುವುದು ಕೆಲಸ ಮಾತ್ರವಲ್ಲ.

ಎಲ್ಲಿಂದ ಶುರು ಮಾಡಬೇಕು?

ಈಗ ಹೆಸರುಗಳು. ಇವನ್ನೂ ಮೇಲಿನ ಗುರುತುಗಳಿಂದ ನೀವೇ ಪರೀಕ್ಷಿಸಿಕೊಳ್ಳಿ.

ಕನ್ನಡದಲ್ಲಿ ಕೇಳಿ ಕಲಿಯಬೇಕೆನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಹತ್ತು ನಿಮಿಷದ ಆಸುಪಾಸಿನ ಚಿಕ್ಕ ಚಿಕ್ಕ ಪಾಠಗಳು. ಅನೇಕಕ್ಕೆ ಕನ್ನಡದ ಧ್ವನಿ ಇದೆ. ಪರದೆಯ ಒಂದು ಬದಿ ಪಾಠ, ಇನ್ನೊಂದು ಬದಿ ನಿಮ್ಮ ಕೆಲಸ ಇಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ಮಾಡುತ್ತಾ ಹೋಗುವಂತೆ ರೂಪಿಸಿದ್ದಾರೆ. ಕೆಲವು ಪಾಠ ಹಳೆಯ ಆವೃತ್ತಿಯವು, ಆದ್ದರಿಂದ ತಾರೀಖಿನ ಮೇಲೆ ಕಣ್ಣಿರಲಿ. ಇಂಗ್ಲಿಷ್ ಅರ್ಥವಾಗುವವರಿಗೆ ಐಐಟಿಗಳೂ ನಮ್ಮ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಇದೆ. ಅದರಲ್ಲಿ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರ ಪೈಥಾನ್ ಪಾಠ, ಐಐಟಿ ಖರಗ್‌ಪುರದ ಅನುಪಮ್ ಬಸು ಅವರ ಸಿ ಪಾಠ ಹೊಸಬರಿಗೆ ತಕ್ಕವು. ಕಲಿಯುವುದು ಉಚಿತ, ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯುತ್ತಾರೆ. ಕೂತು ಬರೆದ ಪರೀಕ್ಷೆಯಾದ್ದರಿಂದ ಆ ಪತ್ರಕ್ಕೆ ಬೆಲೆ ಇದೆ.

ಓದಿ ಕಲಿಯುವುದಕ್ಕೆ ಪೈಥಾನ್ ಕಟ್ಟಿದವರೇ ಬರೆದ ಅಧಿಕೃತ ಟ್ಯುಟೋರಿಯಲ್, ವೆಬ್ ಪುಟಗಳಿಗೆ ಮೊಜಿಲ್ಲಾದವರ ಎಂಡಿಎನ್. ಮೊದಮೊದಲು ಒಣಒಣ ಅನ್ನಿಸುತ್ತವೆ. ಆದರೆ ಪೈಥಾನ್ ಪುಟಗಳಲ್ಲಿ ಯಾವ ಆವೃತ್ತಿ, ಎಂದು ತಿದ್ದಿದ್ದು ಎಂದೂ, ಎಂಡಿಎನ್ ಪುಟಗಳಲ್ಲಿ ಎಂದು ತಿದ್ದಿದ್ದು, ಯಾವ ಬ್ರೌಸರ್‌ನಲ್ಲಿ ನಡೆಯುತ್ತದೆ ಎಂಬ ಲೆಕ್ಕ ಇರುತ್ತದೆ. ವಿಡಿಯೊ ನೋಡಿ ಅರ್ಥ ಮಾಡಿಕೊಳ್ಳಿ, ಸಂಶಯ ಬಂದಾಗ ಇವುಗಳ ಹತ್ತಿರ ಬನ್ನಿ.

ಲ್ಯಾಪ್‌ಟಾಪ್ ಇಲ್ಲದವರು ಗೂಗಲ್ ಕೋಲ್ಯಾಬ್ ಅನ್ನು ಮೊಬೈಲಿನ ಬ್ರೌಸರ್‌ನಲ್ಲೇ ತೆರೆದು ಪೈಥಾನ್ ರನ್ ಮಾಡಬಹುದು. ನಿಮ್ಮ ಗ್ರಾಮ ಪಂಚಾ­ಯಿತಿಯ ಅರಿವು ಕೇಂದ್ರಕ್ಕೆ ಹೋಗಿ ಕಂಪ್ಯೂಟರ್ ಇದೆಯೇ ಎಂದು ಕೇಳಿ. ಇದ್ದರೆ ಅದು ನಿಮಗಾಗಿಯೇ ಇರುವುದು. ಯಾವುದನ್ನೇ ಆರಿಸಿಕೊಳ್ಳಿ, ಒಂದನ್ನು ಕೊನೆಯವರೆಗೆ ಮುಗಿಸಿ. ಹತ್ತು ಕೋರ್ಸಿನ ಮೊದಲ ಪಾಠ ನೋಡಿದವರಿಗೆ ಮೊದಲ ಪಾಠ ಮಾತ್ರ ಚೆನ್ನಾಗಿ ಬರುತ್ತದೆ.

ಬಲ್ಲವರ ಮುಂದೆ ಕೇಳುವ ರೀತಿ

ನಾನು ಕಂಡಂತೆ ನಮ್ಮ ಮಕ್ಕಳು ಎಡವುವುದು ಇಲ್ಲಿ. ಒಂದೋ ಕೇಳುವುದೇ ಇಲ್ಲ, ಇಲ್ಲವೇ ‘ಸರ್, ಕೋಡ್ ವರ್ಕ್ ಆಗ್ತಿಲ್ಲ, ಹೆಲ್ಪ್ ಮಾಡಿ’ ಎಂದು ಕಳುಹಿಸಿ, ಜೊತೆಗೆ ಓರೆಯಾಗಿ ತೆಗೆದ ಪರದೆಯ ಫೋಟೊ ಹಾಕುತ್ತಾರೆ. ಅದನ್ನು ನೋಡಿ ಯಾರೂ ಏನೂ ಹೇಳಲಾರರು.

ಕೇಳುವಾಗ ನಾಲ್ಕು ಮಾತು ಬರೆಯಿರಿ: ಏನು ಆಗಬೇಕಿತ್ತು, ಏನು ಬರೆದಿರಿ, ಏನು ಬಂತು, ಆಗಲೇ ಏನೇನು ಮಾಡಿ ನೋಡಿದಿರಿ. ಕೋಡನ್ನೂ ಎರರ್ ಅನ್ನೂ ಫೋಟೊ ತೆಗೆಯದೆ ಅಕ್ಷರವಾಗಿಯೇ ಕಾಪಿ ಮಾಡಿ ಹಾಕಿ. ತೊಂದರೆ ಕಾಣಿಸುವಷ್ಟು ಸಾಲು ಇಟ್ಟು ಮಿಕ್ಕದ್ದು ತೆಗೆಯಿರಿ. ಹೀಗೆ ಕತ್ತರಿಸುವಾಗಲೇ ಅರ್ಧಕ್ಕರ್ಧ ಸಲ ತಪ್ಪು ನಿಮಗೇ ಸಿಕ್ಕುತ್ತದೆ. ಎರರ್ ಬಂದರೆ ಹೆದರದೆ ಓದಿ: ಪೈಥಾನ್‌ನಲ್ಲಿ ಕೊನೆಯ ಸಾಲಿನಿಂದ ಮೇಲಕ್ಕೆ, ಜಾವಾದಲ್ಲಿ ಮೊದಲ ಸಾಲಿನಿಂದ ಕೆಳಕ್ಕೆ. ಇಂಗ್ಲಿಷ್ ತಪ್ಪಿದರೆ ತಪ್ಪಲಿ. ವಿಷಯ ಸ್ಪಷ್ಟವಾಗಿದ್ದರೆ ವ್ಯಾಕರಣವನ್ನು ಯಾರೂ ನೋಡುವುದಿಲ್ಲ.

ಬಲ್ಲವರಲ್ಲಿ ಕೆಲವರು ಒರಟರು. ಲಿನಕ್ಸ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ ಬೈಗುಳಕ್ಕೇ ಹೆಸರಾಗಿದ್ದರು. 2018ರಲ್ಲಿ ಅವರೇ ತಮ್ಮ ವರ್ತನೆಗೆ ಕ್ಷಮೆ ಕೇಳಿ, ಕೆಲವು ದಿನ ಕೆಲಸದಿಂದ ದೂರ ಉಳಿದರು. ಒರಟುತನ ವಿದ್ಯೆಯ ಗುರುತಲ್ಲ, ವಿದ್ಯೆ ಇಲ್ಲದ ಗುರುತೂ ಅಲ್ಲ. ಮಾತಿನ ಮುಳ್ಳು ಬಿಟ್ಟು ಒಳಗಿನ ತಿರುಳು ತೆಗೆದುಕೊಳ್ಳಿ. ತಿರುಳೇ ಇಲ್ಲದಿದ್ದರೆ ಎದ್ದು ಹೋಗಿ. ಬಲ್ಲವರೆಲ್ಲ ಕಲಿಸಬಲ್ಲವರೂ ಆಗಿರಬೇಕೆಂದಿಲ್ಲ. ಇಪ್ಪತ್ತು ವರ್ಷ ಅನುಭವ ಇರುವವರಿಗೆ ತಮಗೆ ಮೊದಲ ದಿನ ಏನು ಅರ್ಥವಾಗಿರಲಿಲ್ಲ ಎಂಬುದೇ ಮರೆತಿರುತ್ತದೆ. ನಿಮಗಿಂತ ಒಂದು ವರ್ಷ ಮುಂದಿರುವ ಅಕ್ಕನಿಗೆ ಅದು ಇನ್ನೂ ನೆನಪಿರುತ್ತದೆ. ಎಡವಿದ್ದನ್ನು ಅಕ್ಕನ ಹತ್ತಿರ ಕೇಳಿ, ಅಕ್ಕ ಹೇಳಿದ್ದನ್ನು ಮೂಲದಲ್ಲಿ ನೋಡಿ.

ನಾಳೆ ನಿಮ್ಮನ್ನು ಕೇಳುತ್ತಾರೆ

ಕನ್ನಡಕ್ಕೆ ಇಂಥ ವಿಷಯದಲ್ಲಿ ಒಳ್ಳೆಯ ಹಿರಿಯರಿದ್ದಾರೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಮಾಡಿದರು. ಅದನ್ನು ತಮ್ಮ ಆಸ್ತಿ ಎಂದು ಹಿಡಿದುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ‘ನುಡಿ’ಯಲ್ಲಿ ಟೈಪ್ ಮಾಡುವವರ ಬೆರಳು ಇವತ್ತೂ ಆ ವಿನ್ಯಾಸದ ಮೇಲೇ ಓಡುತ್ತದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ಮಕ್ಕಳ ಪ್ರೋಗ್ರಾಮಿಂಗ್ ಭಾಷೆಯಾದ ಲೋಗೋವನ್ನು ಕನ್ನಡಕ್ಕೆ ತಂದರು. ಮಗು ಕನ್ನಡದಲ್ಲೇ ಆದೇಶ ಕೊಟ್ಟು ಚಿತ್ರ ಬರೆಸಬಹುದು. ಇವರ ಕೆಲಸ ಎಲ್ಲರ ಮುಂದೆ ತೆರೆದಿದೆ. ಯಾರು ಬೇಕಾದರೂ ಬಳಸಿ ನೋಡಬಹುದು, ತಪ್ಪಿದ್ದರೆ ತೋರಿಸಬಹುದು.

ನೀವು ಒಂದು ವರ್ಷ ಕಲಿತರೆ ಸಾಕು, ನಿಮ್ಮ ಬೀದಿಯ ಹುಡುಗ ಹುಡುಗಿಯರು ನಿಮ್ಮನ್ನೇ ಬಲ್ಲವರು ಎಂದುಕೊಳ್ಳುತ್ತಾರೆ. ಆಗ ನೀವು ಏನು ಹೇಳಿಕೊಟ್ಟರೂ ತಾರೀಖು, ಆವೃತ್ತಿ ಬರೆಯಿರಿ. ಎಲ್ಲಿ ಓದಿದಿರಿ ಎಂದು ಹೇಳಿ. ಕನ್ನಡದಲ್ಲಿ ಬರೆದಿಡಿ, ಹಾಗೆ ಬರೆದದ್ದು ಇನ್ನೂ ಬಹಳ ಕಡಿಮೆ ಇದೆ. ನಿಮ್ಮ ತಪ್ಪನ್ನು ತಂಗಿಯೊಬ್ಬಳು ತೋರಿಸಿದರೆ ಅವಳ ಹೆಸರು ಹೇಳಿ ತಿದ್ದಿ. ಗೊತ್ತಿಲ್ಲದ್ದನ್ನು ಕೇಳಿದರೆ ‘ಗೊತ್ತಿಲ್ಲ, ಬಾ, ರನ್ ಮಾಡಿ ನೋಡೋಣ’ ಎನ್ನಿ. ಹಾಗೆ ಅನ್ನಲು ಸಂಕೋಚವಾಗದ ದಿನ ನಿಮ್ಮನ್ನೂ ನಂಬಬಹುದು.